ಹಳೆ ನೋಟ್ 5 ಪ್ರೊಗೆ ಕಸ್ಟಮ್ ರಾಮ್, ಕರ್ನಲ್ ಹಾಕಬಹುದಾ? (ಮೂಡಿಗೆರೆ)

ಮೂಡಿಗೆರೆ ಮಳೆಗಾಲ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ರೆಡ್ಮಿ ನೋಟ್ 5 ಪ್ರೊ ಸುಮ್ನೆ ಬಿದ್ದಿದೆ. 2018ರ ಫೋನ್. ಕಂಪನಿ ಅಪ್‌ಡೇಟ್ ಆಂಡ್ರಾಯ್ಡ್ 9ಕ್ಕೇ ನಿಂತುಹೋಯಿತು. ಸ್ಕ್ರೀನ್, ಬ್ಯಾಟರಿ ಎರಡೂ ಚೆನ್ನಾಗಿವೆ. ಲಿನೇಜ್ ತರದ ಒಂದು ಕಸ್ಟಮ್ ರಾಮ್ (ಕಂಪನಿಯದಲ್ಲದೆ ಬೇರೆಯವರು ಕಟ್ಟಿದ ಆಂಡ್ರಾಯ್ಡ್) ಹಾಕಿ, ಅದರ ಮೇಲೆ ಒಳ್ಳೆ ಕರ್ನಲ್ (ಹಾರ್ಡ್‌ವೇರ್ ನಡೆಸುವ ಒಳತಿರುಳು) ಹಾಕಿ ಅಪ್ಪನಿಗೆ ಕೊಡೋಣ ಅಂತಿದ್ದೇನೆ. ತೋಟದಲ್ಲಿ ಸಿಗುವುದು ಜಿಯೋ ಒಂದೇ. ಕರೆ, ವಾಟ್ಸಾಪ್, ಮಳೆ ಬರುತ್ತಾ ಇಲ್ವಾ ನೋಡುವುದು, ಅಷ್ಟೇ ಬಳಕೆ. ಬ್ಯಾಂಕ್ ಆ್ಯಪ್ ಬೇಡ. ಫೋನ್ ಸಾಯದ ಹಾಗೆ ಮಾಡುವುದು ಹೇಗೆ?

ಎನ್.ಆರ್. ಸರ್ಕಲ್ ರಿಪೇರಿ:
ಗುರು, ಡಬ್ಬದ ಮೇಲಿನ ಹೆಸರು ನಂಬಬೇಡ, ಕೋಡ್‌ನೇಮ್ ನೋಡು, ಅಂದರೆ ಆ ಮಾಡೆಲ್‌ನ ಒಳಹೆಸರು. ನಮ್ಮಲ್ಲಿ ನೋಟ್ 5 ಬೇರೆ, ನೋಟ್ 5 ಪ್ರೊ ಬೇರೆ. ಪ್ರೊ ಅಂದರೆ ‘ವೈರೆಡ್’, ಬರೀ ನೋಟ್ 5 ಅಂದರೆ ‘ವಿನ್ಸ್’. ಹೊರದೇಶದಲ್ಲಿ ಇದೇ ವೈರೆಡ್ಡನ್ನು ನೋಟ್ 5 ಅಂತ ಮಾರಿದ್ದಾರೆ. ಹೆಸರು ನೋಡಿ ಫೈಲ್ ಇಳಿಸಿಕೊಂಡರೆ ಅಲ್ಲೇ ಎಡವಟ್ಟು. ಆಮೇಲೆ ಫಾಸ್ಟ್‌ಬೂಟ್‌ನಲ್ಲಿ (ಕಂಪ್ಯೂಟರ್‌ನಿಂದ ಫೋನಿಗೆ ಆದೇಶ ಕೊಡುವ ಮೋಡ್) ‘ಗೆಟ್‌ವಾರ್ ಆ್ಯಂಟಿ’ ಅಂತ ಕೊಡು. 4 ಬಂದರೆ ಹಳೆ ಆವೃತ್ತಿಗೆ ಮರಳದಂತೆ ತಡೆಯುವ ಆ್ಯಂಟಿ ರೋಲ್‌ಬ್ಯಾಕ್ ಕೂತಿದೆ ಅಂತ. ಹಳೆ ಎಂಐಯುಐ (ರೆಡ್ಮಿ ಮಾಡುವ ಶಿಯೋಮಿ ಕಂಪನಿಯದೇ ಆಂಡ್ರಾಯ್ಡ್) ಕಡೆ ತಿರುಗಿಯೂ ನೋಡಬೇಡ, ಹಾಕಿದರೆ ಫೋನ್ ಕಲ್ಲು. ಬೂಟ್‌ಲೋಡರ್ (ಆನ್ ಆಗುವಾಗ ಮೊದಲು ಓಡುವ ಪ್ರೋಗ್ರಾಂ) ಅನ್‌ಲಾಕ್‌ಗೆ ಎಂಐ ಖಾತೆ ಜೋಡಿಸಿ ಕಾಯಬೇಕು, ಸಾಮಾನ್ಯವಾಗಿ 168 ಗಂಟೆ. ಅನ್‌ಲಾಕ್ ಆದ ಕೂಡಲೇ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಫೋಟೊ ಮೊದಲೇ ತೆಗೆದಿಡು. ಟಿಡಬ್ಲ್ಯುಆರ್‌ಪಿ ಅನ್ನುವ ರಿಕವರಿ (ರಾಮ್ ಹಾಕಲು, ಬ್ಯಾಕಪ್ ತೆಗೆಯಲು ಬಳಸುವ ಮೆನು) ಹಾಕಿದ ಮೇಲೆ ಮೊದಲ ಕೆಲಸ ಇಎಫ್‌ಎಸ್, ಪರ್ಸಿಸ್ಟ್ ಅನ್ನುವ ಎರಡು ಒಳಭಾಗಗಳ ಬ್ಯಾಕಪ್. ಎಲ್ಲ ಮುಗಿದ ಮೇಲೆ ಬೂಟ್‌ಲೋಡರ್ ಮತ್ತೆ ಲಾಕ್ ಮಾಡಿಬಿಡು. ಅಲ್ಲಿಗೆ ಸೇಫ್.

ಸಕಲೇಶಪುರ ಘಾಟಿ:
“ಮತ್ತೆ ಲಾಕ್ ಮಾಡಿಬಿಡು” ಅಂತೆ! ಸ್ವಾಮಿ, ಹುಡುಗ ಫೋನ್ ಸಾಯಬಾರದು ಅಂತ ಕೇಳುತ್ತಿದ್ದಾನೆ, ನೀವು ಸಾಯಿಸುವ ದಾರಿ ಹೇಳಿಕೊಡುತ್ತಿದ್ದೀರಿ. ಲಾಕ್ ಆದ ಬೂಟ್‌ಲೋಡರ್ ಕಂಪನಿ ಸಹಿ ಇರುವ ಬೂಟ್ ಇಮೇಜನ್ನು (ಫೋನ್ ಎಬ್ಬಿಸುವ ಫೈಲ್) ಮಾತ್ರ ಒಪ್ಪುತ್ತದೆ. ನಿಮ್ಮ ಕಸ್ಟಮ್ ರಾಮ್‌ಗೆ ಆ ಸಹಿ ಎಲ್ಲಿಂದ ಬಂತು? ಲಾಕ್ ಮಾಡಿದ ಮರುಕ್ಷಣ ಫೋನ್ ಮೇಲೇಳುವುದಿಲ್ಲ. ಫಾಸ್ಟ್‌ಬೂಟ್‌ನಿಂದ ಏನೂ ಬರೆಯಲೂ ಬಿಡುವುದಿಲ್ಲ. ಅನ್‌ಲಾಕ್ ಟೂಲ್ ಮತ್ತೊಮ್ಮೆ ಒಪ್ಪಿದರೆ ಪುಣ್ಯ. ಇಲ್ಲದಿದ್ದರೆ ಹಿಂಬದಿ ಬಿಚ್ಚಿ ಇಡಿಎಲ್ 9008 ಅನ್ನುವ ತುರ್ತು ಮೋಡ್. ಅದಕ್ಕೂ ಕಂಪನಿ ಅನುಮತಿ ಇರುವ ಖಾತೆ ಬೇಕು.

ಎನ್.ಆರ್. ಸರ್ಕಲ್ ರಿಪೇರಿ:
“ಒಪ್ಪಿದರೆ ಪುಣ್ಯ” ಅಂತ ನೀವೇ ಬರೆದಿದ್ದೀರಿ. ಅಂದರೆ ದಾರಿ ಇದೆ ಅಂತಾಯ್ತು. ಮತ್ತೆ ಸಾಯಿಸುವುದು ಎಲ್ಲಿಂದ ಬಂತು? ಅಂಗಡಿಯಲ್ಲಿ ದಿನಾ ಇದೇ ಕೆಲಸ ಮಾಡುವವನಿಗೆ ಪಾಠ ಬೇಡ.

ಬಾಳೆಹೊನ್ನೂರು ಸಿಗ್ನಲ್:
ಘಾಟಿಯವರೇ, “ಕಂಪನಿ ಸಹಿ ಮಾತ್ರ” ಅನ್ನುವುದು ತಪ್ಪು. ಗ್ರಾಫೀನ್ ಓಎಸ್ ಅನ್ನುವ ಕಸ್ಟಮ್ ರಾಮ್ ಹಾಕಿದವರಿಗೆ ಅದನ್ನು ಕಟ್ಟಿದವರೇ ಹೇಳುತ್ತಾರೆ, ಕೊನೆಗೆ ಬೂಟ್‌ಲೋಡರ್ ಲಾಕ್ ಮಾಡಿ ಅಂತ. ರಾಮ್ ಕಟ್ಟಿದವರ ಕೀಯನ್ನು (ಅವರ ಸಹಿ ತಾಳೆ ನೋಡುವ ಸಂಕೇತ) ಬೂಟ್‌ಲೋಡರ್‌ಗೆ ಕೊಡುತ್ತೀರಿ, ಅದು ಆ ಕೀ ನೋಡಿ ತೆರೆಯುತ್ತದೆ. ಆನ್ ಆಗುವಾಗ ಹಳದಿ ಎಚ್ಚರಿಕೆ ಬರುತ್ತದೆ, ಅಷ್ಟೇ. ಓದದೆ ಬೈಯಬೇಡಿ ಮಾರಾಯ್ರೆ.

ಸಕಲೇಶಪುರ ಘಾಟಿ:
ಗ್ರಾಫೀನ್ ಇರುವುದು ಪಿಕ್ಸೆಲ್‌ಗೆ, ಗೂಗಲ್ ಫೋನಿಗೆ. ಹುಡುಗನ ಕೈಲಿರುವುದು ರೆಡ್ಮಿ. ಮೈಸೂರು ಬಸ್ ಕೇಳಿದವನಿಗೆ ಬೆಂಗಳೂರು ರೈಲಿನ ಟೈಮ್ ಹೇಳುತ್ತೀರಲ್ಲ.

ಬಾಳೆಹೊನ್ನೂರು ಸಿಗ್ನಲ್:
“ಇರುವುದು ಪಿಕ್ಸೆಲ್‌ಗೆ”? ಅಂಥದ್ದೇ ಇನ್ನೊಂದು ರಾಮ್ ಕ್ಯಾಲಿಕ್ಸ್ ಓಎಸ್ ಫೇರ್‌ಫೋನ್ 4ಕ್ಕೂ ಇತ್ತು, ಮೋಟೋ ಜಿ32ಕ್ಕೂ ಇತ್ತು, ಅಲ್ಲೂ ಲಾಕ್ ಮಾಡುತ್ತಿದ್ದರು. ಅಷ್ಟೇ ಅಲ್ಲ, ಶಿಯೋಮಿ ಎಂಐ ಎ2ಗೂ ಕ್ಯಾಲಿಕ್ಸ್ ಬಂದಿತ್ತು. ಶಿಯೋಮಿ ಸ್ವಾಮಿ, ಶಿಯೋಮಿ. ಈಗ ಏನನ್ನುತ್ತೀರಿ?

ಎನ್.ಆರ್. ಸರ್ಕಲ್ ರಿಪೇರಿ:
ನೋಡಿದ್ರಾ. ನಾನು ಹೇಳಿದ್ದು ಅದನ್ನೇ.

ಸಕಲೇಶಪುರ ಘಾಟಿ:
ನೀವು ಅದನ್ನು ಹೇಳೇ ಇಲ್ಲ! ಎಂಐ ಎ2 ಆಂಡ್ರಾಯ್ಡ್ ಒನ್ (ಗೂಗಲ್‌ನ ಶುದ್ಧ ಆಂಡ್ರಾಯ್ಡ್) ಫೋನ್. ನೋಟ್ 5 ಪ್ರೊ ಎಂಐಯುಐ ಫೋನ್. ಬ್ರ್ಯಾಂಡ್ ಒಂದೇ ಅಂದರೆ ಬೂಟ್‌ಲೋಡರ್ ಒಂದೇ ಆಗಿಬಿಡುತ್ತಾ? ವೈರೆಡ್‌ಗೆ ನಿಮ್ಮ ಕೀ ಕೊಡುವ ಆದೇಶ ಯಾವುದು, ಬರೆದು ತೋರಿಸಿ. ಕಾಯುತ್ತಿದ್ದೇನೆ.

ಅರಸೀಕೆರೆ ಜಂಕ್ಷನ್:
ಇದೆಲ್ಲ ಯಾಕೆ ಬೇಕು? ಬ್ಯಾಂಕ್ ಆ್ಯಪ್ ನಿಂತುಹೋಗುತ್ತದೆ, ಯುಪಿಐ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ. ಬೂಟ್‌ಲೋಡರ್ ಅನ್‌ಲಾಕ್ ಆದ ಫೋನ್ ಸಾಫ್ಟ್‌ವೇರ್ ಅಸಲಿಯಾ ಅಂತ ನೋಡುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಅಪ್ಪನಿಗೆ ಹೊಸ ಫೋನ್ ತೆಗೆದುಕೊಡಪ್ಪ.

ಮೂಡಿಗೆರೆ ಮಳೆಗಾಲ:
ಅಣ್ಣ, ಬ್ಯಾಂಕ್ ಆ್ಯಪ್ ಬೇಡ ಅಂತ ಮೊದಲೇ ಬರೆದಿದ್ದೇನೆ.

ಅರಸೀಕೆರೆ ಜಂಕ್ಷನ್:
ಇವತ್ತು ಬೇಡ ಅನ್ನುತ್ತೀಯ. ನಾಳೆ ಅಪ್ಪ ಗೊಬ್ಬರದ ಅಂಗಡಿಯಲ್ಲಿ ನಿಂತು ಫೋನ್ ಮಾಡುತ್ತಾರೆ, ಆಗ ನೆನಪಾಗುತ್ತದೆ.

ಬಾಳೆಹೊನ್ನೂರು ಸಿಗ್ನಲ್:
“ಅನ್‌ಲಾಕ್ ಆದ ಫೋನ್ ಪಾಸಾಗುವುದಿಲ್ಲ” ಅಂದಿರಿ. ಅದಕ್ಕೇ ಅಲ್ವಾ ಲಾಕ್ ಮಾಡಿ ಅನ್ನುವುದು!

ಸಕಲೇಶಪುರ ಘಾಟಿ:
ಅಯ್ಯೋ ದೇವರೇ. ನಿಮ್ಮದೇ ಗ್ರಾಫೀನ್, ಲಾಕ್ ಮಾಡಿದ ಪಿಕ್ಸೆಲ್ ಮೇಲೂ, ಪ್ಲೇ ಇಂಟೆಗ್ರಿಟಿಯ ‘ಬೇಸಿಕ್’ ಮಟ್ಟ ಮಾತ್ರ ದಾಟುತ್ತದೆ. ‘ಡಿವೈಸ್’ ಮಟ್ಟ ದಾಟುವುದಿಲ್ಲ. ಗೂಗಲ್ ಒಪ್ಪಿಗೆ ಕೊಟ್ಟ ಓಎಸ್ ಅಲ್ಲ ಅದು. ಲಾಕ್ ಮಾಡಿದರೆ ಬ್ಯಾಂಕ್ ಆ್ಯಪ್ ಬಂದುಬಿಡುತ್ತದೆ ಅಂತ ಯಾರು ಹೇಳಿದರು ನಿಮಗೆ?

ಬಾಳೆಹೊನ್ನೂರು ಸಿಗ್ನಲ್:
ನಾನು ಬ್ಯಾಂಕ್ ಆ್ಯಪ್ ಬಗ್ಗೆ ಮಾತಾಡಲೇ ಇಲ್ಲ. ಕಳ್ಳತನದ ಬಗ್ಗೆ ಮಾತಾಡುತ್ತಿದ್ದೇನೆ. ಅನ್‌ಲಾಕ್ ಆಗಿರುವ ಫೋನ್ ಕೈಗೆ ಸಿಕ್ಕರೆ ಯಾರು ಬೇಕಾದರೂ ಬೇರೆ ರಿಕವರಿ ಹಾಕಿ, ಎಲ್ಲ ಒರೆಸಿ, ತಮ್ಮದು ಮಾಡಿಕೊಳ್ಳಬಹುದು.

ಬೇಲೂರು ಬಸ್:
ಕಾಫಿ ಗಿಡದ ಸಂದಿಯಲ್ಲಿ ಕೂತು ನೋಟ್ 5 ಪ್ರೊ ಕದಿಯುವ ಕಳ್ಳ! ಮೆಣಸು ಒಣಗಲು ಹಾಕಿದ್ದರೆ ಅದನ್ನು ಬಿಟ್ಟು ಈ ಫೋನಿಗೆ ಕೈ ಹಾಕುತ್ತಾನಾ ಸಾರ್?

ಸಕಲೇಶಪುರ ಘಾಟಿ:
ಪಿನ್ ಇಟ್ಟು ಎನ್‌ಕ್ರಿಪ್ಷನ್ ಇದ್ದರೆ ಫೋಟೊ, ಮೆಸೇಜ್ ಕಳ್ಳನಿಗೆ ಸಿಗುವುದಿಲ್ಲ. ಫೋನ್ ಹೋಗುತ್ತದೆ, ಅಷ್ಟೇ. ಆದರೆ ನಿಮ್ಮ ಸಲಹೆ ಕೇಳಿದರೆ ಕಳ್ಳ ಬರುವ ಮೊದಲೇ ಫೋನ್ ಹೋಗುತ್ತದೆ. ನಮ್ಮ ಭಾವನ ಫೋನ್ ಹೀಗೇ ಹೋಯಿತು. ಹಾಸನದ ಒಂದು ಅಂಗಡಿಗೆ ಕೊಟ್ಟಿದ್ದ. ಅದು ಚೀನಾ ಮಾರುಕಟ್ಟೆಯ ಸೆಟ್. ಗ್ಲೋಬಲ್ ರಾಮ್ ಬೇಕು ಅಂದಿದ್ದ. ಫೋನಿಗೆ ರಾಮ್ ಬರೆಯುವ ಎಂಐ ಫ್ಲ್ಯಾಶ್ ಟೂಲ್ ಕಿಟಕಿಯ ಕೆಳಗೆ ಮೂರು ಆಯ್ಕೆ ಇರುತ್ತವಲ್ಲ, ‘ಕ್ಲೀನ್ ಆಲ್’, ‘ಸೇವ್ ಯೂಸರ್ ಡೇಟಾ’, ‘ಕ್ಲೀನ್ ಆಲ್ ಆ್ಯಂಡ್ ಲಾಕ್’. ತೆರೆದ ಕೂಡಲೇ ಗುರುತು ಬಿದ್ದಿರುವುದು ಮೂರನೆಯದಕ್ಕೆ. ಆ ಪುಣ್ಯಾತ್ಮ ಕೆಳಗೆ ನೋಡದೆ ಫ್ಲ್ಯಾಶ್ ಒತ್ತಿದ. ಹಸಿರು ಗೆರೆ ಕೊನೆ ಮುಟ್ಟಿತು, ‘ಸಕ್ಸೆಸ್’ ಅಂತಲೂ ಬಂತು. ಫೋನ್ ಆನ್ ಮಾಡಿದರೆ, ಈ ಎಂಐಯುಐ ಈ ಫೋನಿಗೆ ಹಾಕಲು ಬರುವುದಿಲ್ಲ ಅನ್ನುವ ಸಾಲು. ಅಲ್ಲಿಂದ ಮುಂದಕ್ಕೆ ಹೋಗಲೇ ಇಲ್ಲ. ಹಾಸನದ ಅಂಗಡಿಯವರಿಗೆ ಕೊಡುವ ಮೊದಲು ಯೋಚನೆ ಮಾಡಿ.

ಎನ್.ಆರ್. ಸರ್ಕಲ್ ರಿಪೇರಿ:
“ಹಾಸನದ ಅಂಗಡಿಯವರು” ಅಂತ ಎಲ್ಲರನ್ನೂ ಸೇರಿಸಿ ಹೇಳಬೇಡಿ. ಯಾವ ಅಂಗಡಿ, ಹೆಸರು ಹೇಳಿ. ಧೈರ್ಯ ಇಲ್ವಾ?

ಸಕಲೇಶಪುರ ಘಾಟಿ:
ಹೆಸರು ಹೇಳುವುದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಯಾಕೆ ಮುಟ್ಟಿಕೊಳ್ಳುತ್ತೀರಿ?

ಎನ್.ಆರ್. ಸರ್ಕಲ್ ರಿಪೇರಿ:
ಮಾತು ಸರಿಯಾಗಿ ಆಡಿ. ನಾನು ಲಾಕ್ ಅಂದಿದ್ದು ಸ್ಟಾಕ್ ರಾಮ್‌ಗೆ, ಅಂದರೆ ಕಂಪನಿಯದೇ ರಾಮ್‌ಗೆ, ವಾಪಸ್ ಹೋಗುವವರಿಗೆ. ಗೊತ್ತಿರುವವರಿಗೆ ಅರ್ಥ ಆಗುತ್ತದೆ.

ಬೇಲೂರು ಬಸ್:
ಮೇಲೆ “ಎಲ್ಲ ಮುಗಿದ ಮೇಲೆ” ಅಂತ ಬರೆದಿದೆ ಸಾರ್. ಸ್ಟಾಕ್ ಅನ್ನುವ ಪದ ನನಗಂತೂ ಕಾಣಲಿಲ್ಲ.

ಎನ್.ಆರ್. ಸರ್ಕಲ್ ರಿಪೇರಿ:
ಕಾಣದಿದ್ದರೆ ಕನ್ನಡಕ ಹಾಕಿಕೊಳ್ಳಿ. ಇಎಫ್‌ಎಸ್ ಬ್ಯಾಕಪ್ ಬಗ್ಗೆ ಹೇಳಿದ್ದು ಯಾರಿಗೂ ಕಾಣಲಿಲ್ಲ ಅಲ್ವಾ? ಅದು ಹೋದರೆ ಐಎಂಇಐ ಹೋಗುತ್ತದೆ, ಸಿಮ್ ಹಾಕಿದರೂ ನೆಟ್‌ವರ್ಕ್ ಇಲ್ಲ. ಆಗ ಇದೇ ಅಂಗಡಿಗೆ ಬರುತ್ತೀರಿ, ನಾವೇ ಐಎಂಇಐ ಬರೆದುಕೊಡುತ್ತೇವೆ.

ಬಾಳೆಹೊನ್ನೂರು ಸಿಗ್ನಲ್:
“ಐಎಂಇಐ ಬರೆದುಕೊಡುತ್ತೇವೆ” ಅಂತ ಬಹಿರಂಗವಾಗಿ ಹಾಕುತ್ತಿದ್ದೀರಲ್ಲ! 2023ರ ದೂರಸಂಪರ್ಕ ಕಾಯ್ದೆ ಓದಿ. ಇಂಥ ಗುರುತಿನ ಸಂಖ್ಯೆ ತಿದ್ದಿದರೆ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಎನ್.ಆರ್. ಸರ್ಕಲ್ ರಿಪೇರಿ:
ತಿದ್ದುವುದಲ್ಲ, ಡಬ್ಬದ ಮೇಲೆ ಇರುವ ಅದೇ 15 ಅಂಕಿ ವಾಪಸ್ ಹಾಕುವುದು.

ಬಾಳೆಹೊನ್ನೂರು ಸಿಗ್ನಲ್:
ಅದನ್ನು ಪೊಲೀಸರಿಗೆ ಹೇಳಿ.

ಕೊಟ್ಟಿಗೆಹಾರ ನೀರ್ದೋಸೆ:
ಹುಡುಗ ಕೇಳಿದ್ದು ಕರ್ನಲ್ ಬಗ್ಗೆಯೂ. ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಮೊದಲು ರಾಮ್ ಒಂದನ್ನೇ ಹಾಕಿ ಒಂದು ವಾರ ಬಳಸಪ್ಪ. ಅದರಲ್ಲೇ ಕರ್ನಲ್ ಇರುತ್ತದೆ. ಬೇರೆ ಹಾಕಲೇಬೇಕು ಅಂದರೆ ಆ ರಾಮ್‌ಗೆ, ಆ ಆಂಡ್ರಾಯ್ಡ್ ಆವೃತ್ತಿಗೆ ಹೊಂದುವಂಥದ್ದೇ ಆಗಬೇಕು. ಹೊಂದದಿದ್ದರೆ ಲೋಗೊ ತೋರಿಸುತ್ತಾ ಸುತ್ತುತ್ತಲೇ ಇರುತ್ತದೆ, ಇಲ್ಲವೇ ಫೋನ್ ಆನ್ ಆಗುತ್ತದೆ, ವೈಫೈ ಇರುವುದಿಲ್ಲ. ಹಾಕುವ ಮೊದಲು ಇರುವ ಬೂಟ್ ಇಮೇಜ್ ಕಂಪ್ಯೂಟರ್‌ನಲ್ಲಿ ಇಟ್ಟುಕೋ. ಕೆಟ್ಟರೆ ಫಾಸ್ಟ್‌ಬೂಟ್‌ನಿಂದ ಅದನ್ನೇ ವಾಪಸ್ ಹಾಕಿದರೆ ಎದ್ದು ಬರುತ್ತದೆ. ಎಸ್‌ಇಲಿನಕ್ಸ್ ‘ಪರ್ಮಿಸಿವ್’ ಮಾಡುವ ಕರ್ನಲ್ ಮುಟ್ಟಬೇಡ, ಒಳಗಿನ ಕಾವಲನ್ನೇ ಎಬ್ಬಿಸಿ ಕಳಿಸಿದ ಹಾಗೆ. ಕರ್ನಲ್ ಜಿಪಿಎಲ್ ಆವೃತ್ತಿ 2ರ ಪರವಾನಗಿಯಲ್ಲಿದೆ, ಹಂಚುವವನು ಸೋರ್ಸ್ (ಮೂಲ ಕೋಡ್) ಕೇಳಿದರೆ ಕೊಡಬೇಕು. ಕೊಡದವನ ಜಿಪ್ ಫೈಲ್ ಬೇಡ. ಇಳಿಸಿದ ಫೈಲಿನ ಶಾ-256 ಲೆಕ್ಕ (ಫೈಲಿನ ಬೆರಳಚ್ಚು ಇದ್ದ ಹಾಗೆ) ತಾಳೆ ನೋಡು.

ಇನ್ನೊಂದು, ಇದು ಎಲ್ಲಕ್ಕಿಂತ ಮುಖ್ಯ. ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ. ರಾಮ್‌ನಲ್ಲಿ ವೋಲ್ಟಿ (4ಜಿ ಮೇಲೆ ಕರೆ ಮಾಡುವ ವ್ಯವಸ್ಥೆ) ಕೆಲಸ ಮಾಡದಿದ್ದರೆ ನೆಟ್ ಬರುತ್ತದೆ, ಮಾಮೂಲಿ ಕರೆ ಹೋಗುವುದಿಲ್ಲ. ಅಪ್ಪನಿಗೆ ಕೊಡುವ ಮೊದಲು ಜಿಯೋ ಸಿಮ್ ಹಾಕಿ ಕರೆ ಮಾಡಿ ನೋಡು.

ಸಕಲೇಶಪುರ ಘಾಟಿ:
“ಎದ್ದು ಬರುತ್ತದೆ” ಯಾವಾಗ? ಬೂಟ್‌ಲೋಡರ್ ಅನ್‌ಲಾಕ್ ಆಗಿದ್ದರೆ ಮಾತ್ರ. ಲಾಕ್ ಮಾಡಿದ್ದರೆ ಆ ಬೂಟ್ ಇಮೇಜ್ ಹಾಕುವುದು ಎಲ್ಲಿಂದ? ಇದನ್ನೇ ನಾನು ಆಗಿನಿಂದ ಬಡಿದುಕೊಳ್ಳುತ್ತಿದ್ದೇನೆ.

ಕೊಟ್ಟಿಗೆಹಾರ ನೀರ್ದೋಸೆ:
ನಾನು ಲಾಕ್ ವಿಷಯಕ್ಕೆ ಬರಲೇ ಇಲ್ಲ ಮಾರಾಯ್ರೆ.

ಬೇಲೂರು ಬಸ್:
ಫ್ಲ್ಯಾಶ್ ಮಾಡುವಾಗ ಕರೆಂಟ್ ಹೋದರೆ? ಮೂಡಿಗೆರೆ, ಮಳೆಗಾಲ. ಕೇಳಲೇಬೇಕು.

ಅರಸೀಕೆರೆ ಜಂಕ್ಷನ್:
ಫೋನ್ ಹೋಗುತ್ತದೆ. ಅದಕ್ಕೇ ಹೊಸದು ತಗೋ ಅಂದಿದ್ದು.

ಕೊಟ್ಟಿಗೆಹಾರ ನೀರ್ದೋಸೆ:
ಏನೂ ಹೋಗುವುದಿಲ್ಲ. ರಿಕವರಿಯಿಂದ ಜಿಪ್ ಹಾಕುವಾಗ ಕೆಲಸ ನಡೆಯುವುದು ಫೋನ್ ಒಳಗೇ, ಅದರ ಬ್ಯಾಟರಿಯಲ್ಲೇ. ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇರಲಿ. ಕಂಪ್ಯೂಟರ್ ಬೇಕಾದ ಹಂತಕ್ಕೆ ಲ್ಯಾಪ್‌ಟಾಪ್ ಬಳಸು.

ಅರಸೀಕೆರೆ ಜಂಕ್ಷನ್:
“ಲ್ಯಾಪ್‌ಟಾಪ್ ಬಳಸು” ಅಂತೆ. ಎಲ್ಲರ ಮನೆಯಲ್ಲೂ ಲ್ಯಾಪ್‌ಟಾಪ್ ಇರುತ್ತಾ?

ಮೂಡಿಗೆರೆ ಮಳೆಗಾಲ:
ನಮ್ಮ ಮನೆಯಲ್ಲಿ ಇದೆ ಅಣ್ಣ. ನೋಡಿದೆ, ವೈರೆಡ್ಡೇ. ಆ್ಯಂಟಿ 4 ಅಂತ ಬಂತು. ಹಳೆ ಎಂಐಯುಐ ಹಾಕುವುದಿಲ್ಲ. ಖಾತೆ ಜೋಡಿಸಿದ್ದೇನೆ, ಟೂಲ್ 168 ಗಂಟೆ ಕಾಯಿರಿ ಅಂದಿದೆ. ರಾಮ್ ಹಾಕಿದ ಮೇಲೆ ಮೊದಲು ಜಿಯೋ ಕರೆ ನೋಡುತ್ತೇನೆ, ಕರ್ನಲ್ ಆಮೇಲೆ. ಲಾಕ್ ಮಾಡುವುದಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಸಕಲೇಶಪುರ ಘಾಟಿ:
ಹುಡುಗನಿಗೆ ಬುದ್ಧಿ ಇದೆ.

ಎನ್.ಆರ್. ಸರ್ಕಲ್ ರಿಪೇರಿ:
ಆ್ಯಂಟಿ ನೋಡು ಅಂತ ಹೇಳಿದ್ದು ಯಾರು? ಅದನ್ನೂ ಹೇಳಿ.

ಬಾಳೆಹೊನ್ನೂರು ಸಿಗ್ನಲ್:
ಮೋಟೋ ಜಿ32 ಬಗ್ಗೆ ಕೇಳಿದ್ದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.