ಮುಖಕ್ಕೂ ಬೊಂಬೆಗೂ ಒಂದೇ ಲೈಟ್ ಸಾಕಾ?

ಕೊಪ್ಪಳದಿಂದ ಪ್ರಶ್ನೆ: ಸೀಮಂತ, ತೊಟ್ಟಿಲು ಕಾರ್ಯಕ್ಕೆ ಫೋಟೊ ತೆಗೆಯುತ್ತೇನೆ. ಈಗ ಕಿನ್ನಾಳದ ಬೊಂಬೆ ಮಾಡುವವರೊಬ್ಬರು ಆನ್‌ಲೈನ್ ಮಾರಾಟಕ್ಕೆ ಕ್ಲೋಸಪ್ ಕೇಳಿದ್ದಾರೆ. ಬಜೆಟ್ 15 ಸಾವಿರ. ರಿಂಗ್ ಲೈಟ್, ಎಲ್‌ಇಡಿ, ಫ್ಲ್ಯಾಶ್, ಯಾವುದು ತಗೊಳ್ಳಲಿ?

ಬಳ್ಳಾರಿಯಿಂದ: ರಿಂಗ್ ಲೈಟ್ ಬೇಡ ತಮ್ಮಾ. ನಾನು ತಗೊಂಡು ಕೆಟ್ಟೆ. ಕಣ್ಣಲ್ಲಿ ಬಳೆ ಬಿದ್ದಂತೆ ಕಾಣುತ್ತದೆ, ಹೊಳೆಯುವ ಬಣ್ಣದ ಬೊಂಬೆ ಮೇಲಂತೂ ಆ ಬಳೆ ಹಾಗೇ ಅಚ್ಚಾಗುತ್ತದೆ. ಸುಮ್ನೆ ಪವರ್ ನಾವೇ ಹೊಂದಿಸೋ ಒಂದು ಮ್ಯಾನ್ಯುಯಲ್ ಫ್ಲ್ಯಾಶ್, ಅದನ್ನು ದೂರದಿಂದ ಮಿಂಚಿಸೋ ಒಂದು ಟ್ರಿಗರ್, ಒಂದು ಸ್ಟ್ಯಾಂಡ್, ಬೆಳಕು ಹರಡೋ 60 ಸೆಂ.ಮೀ. ಸಾಫ್ಟ್‌ಬಾಕ್ಸ್ ತಗೋ. ನನ್ನ ಹತ್ತಿರ ಗೋಡಾಕ್ಸ್ ಟಿಟಿ600 ಇದೆ, ನಾಲ್ಕು ಪೆನ್ಸಿಲ್ ಸೆಲ್‌ನಲ್ಲಿ ನಡೆಯುತ್ತದೆ. ಕರೆಂಟ್ ಹೋದರೂ ಕೆಲಸ ನಿಲ್ಲಲ್ಲ.

ಬೆಳಕು ಮೆತ್ತಗೆ ಬರೋದು ಲೈಟ್ ವಸ್ತುವಿಗಿಂತ ದೊಡ್ಡದಾಗಿ ಕಂಡಾಗ. ಅದೇ ಸಾಫ್ಟ್‌ಬಾಕ್ಸ್ ಮುಖಕ್ಕೆ ಮೂರಡಿ ದೂರ ಇಟ್ಟರೆ ಸಾಧಾರಣ, ಗೇಣುದ್ದದ ಬೊಂಬೆಗೆ ಒಂದಡಿ ಹತ್ತಿರ ತಂದರೆ ದೊಡ್ಡ ಕಿಟಕಿ ಇದ್ದ ಹಾಗೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಹತ್ತಿರ ತಂದಾಗ ಪವರ್ ಇಳಿಸೋದು ಮರೀಬೇಡ. ಪೂರ್ತಿ ಪವರ್‌ನ 1/32ಕ್ಕೆ ಇಳಿಸಿದರೆ ಇನ್ನೊಂದು ಲಾಭ. ಮಿಂಚು ಅಷ್ಟು ಚುಟುಕಾಗಿರುವುದರಿಂದ ಕೈ ನಡುಕ ಫೋಟೊದಲ್ಲಿ ಕಾಣಲ್ಲ.

ರಾಯಚೂರಿನಿಂದ: ಅಣ್ಣನ ಮಾತು ಒಪ್ತೀನಿ, ಆದರೆ ಹೊಸಬರಿಗೆ ಎಲ್‌ಇಡಿ ಸುಲಭ ಅಲ್ವಾ? ನೆರಳು ಎಲ್ಲಿ ಬೀಳುತ್ತೆ ಅಂತ ಕಣ್ಣಿಗೇ ಕಾಣುತ್ತದೆ. ಸಿಆರ್‌ಐ, ಅಂದ್ರೆ ಆ ಬೆಳಕಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಳತೆ, 95ರ ಮೇಲಿರಲಿ. ಅಗ್ಗದ್ದರಲ್ಲಿ ಕುಂಕುಮವೂ ಕಂದು, ಕೆನ್ನೆಯೂ ಕಂದು. ಒಂದು ತೊಂದರೆ ಇದೆ. ಕ್ಲೋಸಪ್‌ನಲ್ಲಿ ಇಡೀ ಬೊಂಬೆ ಸ್ಪಷ್ಟ ಬರಲಿ ಅಂತ ಲೆನ್ಸ್ ಕಿಂಡಿ ಚಿಕ್ಕದು ಮಾಡಿ ಎಫ್/11 ಇಟ್ಟರೆ 60 ವಾಟ್ ಸಾಲದೆ ಶಟರ್ ನಿಧಾನವಾಗುತ್ತದೆ, ಟ್ರೈಪಾಡ್ ಬೇಕೇ ಬೇಕು. ಬೊಂಬೆ ಅಲ್ಲಾಡಲ್ಲ, ತೊಟ್ಟಿಲ ಕೂಸು ಸುಮ್ಮನಿರಲ್ಲ! ಎರಡೂ ಕೆಲಸಕ್ಕೆ ಒಂದೇ ಅಂದರೆ ನಾನೂ ಫ್ಲ್ಯಾಶೇ ಅಂತೀನಿ.

ಮತ್ತೆ ಬಳ್ಳಾರಿಯಿಂದ: ಹೊಳಪಿನ ಕಾಟ ಜಾಸ್ತಿ ಆದರೆ ಸಾಫ್ಟ್‌ಬಾಕ್ಸ್‌ಗೂ ಬೊಂಬೆಗೂ ನಡುವೆ ಬಿಳಿ ಪಂಚೆ ಕಟ್ಟು. ಎದುರು ಬದಿಗೆ ಥರ್ಮಾಕೋಲ್ ಹಾಳೆ ನಿಲ್ಲಿಸು, ಬೆಳಕು ತಿರುಗಿ ನೆರಳಿನ ಕಡೆ ಬೀಳುತ್ತದೆ. ಎರಡನೇ ಲೈಟ್ ಆಮೇಲೆ ನೋಡೋಣ. ಫೋಟೊ ತೆಗೆಯುವಾಗ ರೂಮಿನ ಟ್ಯೂಬ್‌ಲೈಟ್ ಆರಿಸು, ಎರಡು ಬಣ್ಣದ ಬೆಳಕು ಬೆರೆತರೆ ಸರಿಮಾಡೋದು ಕಷ್ಟ.

ಕೊಪ್ಪಳದಿಂದ: ಗೆಳೆಯನ ಫ್ಲ್ಯಾಶ್ ತಂದು, ಅಜ್ಜನ ಪಂಚೆ ಕಟ್ಟಿ ನೋಡಿದೆ ಅಣ್ಣ. ಗರುಡನ ಮೂಗಿನ ಮೇಲಿದ್ದ ಬಿಳಿ ಚುಕ್ಕೆ ಹೋಗಿ ಕುಂಚದ ಗೆರೆ ಒಂದೊಂದೂ ಕಂಡಿತು. ಆದರೆ ಅಜ್ಜಿ ಪಂಚೆಗೆ ನೀಲಿ ಹಾಕಿ ಒಗೆದಿದ್ದಳು, ಗರುಡನೂ ಸ್ವಲ್ಪ ನೀಲಿ ಆಗಿದ್ದಾನೆ!

ಬಳ್ಳಾರಿಯಿಂದ: ಅದೇ ಬೆಳಕಲ್ಲಿ ಬಿಳಿ ಹಾಳೆ ಇಟ್ಟು ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸ್ ಮಾಡಿಕೊ, ಬಿಳಿ ಬಿಳಿಯಾಗೇ ಬರುತ್ತದೆ. ಇಲ್ಲಾಂದ್ರೆ ಬಟರ್ ಪೇಪರ್ ತಗೊಂಡು ಬಾ, ಅಜ್ಜನ ಪಂಚೆ ಅಜ್ಜನಿಗೇ ಇರಲಿ.