ನ್ಯೂಜಿಲೆಂಡಿನ ಮಳೆಯಲ್ಲಿ ಬೇಟೆಗೆ ಸಿಂಥೆಟಿಕ್ ಸ್ಟಾಕ್ ರೈಫಲ್: ಬಳಸಿದವರು ಹೇಳಿ

ಪುಣೆ, ಕೋಥ್ರೂಡ್‌ನಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಕಡೆಯವನು, ಪುಣೆಗೆ ಬಂದು 11 ವರ್ಷ ಆಯಿತು. ಜನವರಿಯಲ್ಲಿ ಕೆಲಸದ ಮೇಲೆ ಹೆಂಡತಿ ಜೊತೆ ನ್ಯೂಜಿಲೆಂಡಿನ ದಕ್ಷಿಣ ದ್ವೀಪಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಜಿಂಕೆ ಬೇಟೆಗೆ ಕಾನೂನಿನ ಅಡ್ಡಿ ಇಲ್ಲ, ಆಫೀಸಿನವರು ಈಗಲೇ ಕರೆಯುತ್ತಿದ್ದಾರೆ. ಲೈಸೆನ್ಸ್ ಅಲ್ಲೇ ಮಾಡಿಸುತ್ತೇನೆ. ಅಜ್ಜನ ತೋಟದ ಕೋವಿ ನೋಡಿ ಬೆಳೆದವನು ನಾನು, ಮರದ ಹಿಡಿ ಅಂದರೆ ಪ್ರೀತಿ. ಆದರೆ ಅಲ್ಲಿ ಮಳೆ ಜಾಸ್ತಿ, ಸಿಂಥೆಟಿಕ್ ಸ್ಟಾಕ್, ಅಂದರೆ ಮರವಲ್ಲದ ಹಿಡಿ ಇರುವ, ಪ್ರತಿ ಈಡಿಗೂ ಕೈಯಲ್ಲಿ ಬೋಲ್ಟ್ ಎಳೆಯುವ ಬೋಲ್ಟ್ ಆ್ಯಕ್ಷನ್ ರೈಫಲ್ಲೇ ತಗೋ ಅನ್ನುತ್ತಾರೆ. ಪ್ಲಾಸ್ಟಿಕ್ ಅಲ್ವಾ, ಬಾಳಿಕೆ ಬರುತ್ತದಾ? ಅಂಗಡಿಯಲ್ಲಿ ಏನು ನೋಡಬೇಕು?

ಠಾಣೆಯಿಂದ:

ಸರ್, ನಾನು ಅಲ್ಲಿ ಸೌತ್‌ಲ್ಯಾಂಡ್ ಕಡೆ ಡೈರಿ ಫಾರ್ಮಿನಲ್ಲಿ 6 ವರ್ಷ ಕೆಲಸ ಮಾಡಿ ಬಂದವನು. ಸಿಂಥೆಟಿಕ್ಕೇ ತಗೊಳ್ಳಿ. ಆದರೆ ಆ ಒಂದು ಪದ ನೋಡಿ ದುಡ್ಡು ಕೊಡಬೇಡಿ, ಅದೇ ಹೆಸರಲ್ಲಿ ಬೇರೆ ಬೇರೆ ಮಾಲು ಬರುತ್ತದೆ. ಕಡಿಮೆ ಬೆಲೆಯದ್ದು ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್, ಒಳಗೆ ಟೊಳ್ಳು. ಸ್ವಲ್ಪ ಮೇಲಿನದರಲ್ಲಿ ಗಾಜಿನ ನಾರು ಬೆರೆಸಿದ ಗಟ್ಟಿ ಪ್ಲಾಸ್ಟಿಕ್ ಇರುತ್ತದೆ. ಅದಕ್ಕೂ ಮೇಲೆ ಫೈಬರ್‌ಗ್ಲಾಸ್, ಕಾರ್ಬನ್ ಫೈಬರ್, ಕೆಲವದರ ಒಳಗೆ ಆ್ಯಕ್ಷನ್ (ಬೋಲ್ಟ್, ಟ್ರಿಗರ್ ಕೂರುವ ಲೋಹದ ಭಾಗ) ಅಲುಗಾಡದಂತೆ ಕೂರಿಸಲು ಅಲ್ಯೂಮಿನಿಯಂ ದಿಮ್ಮಿ ಸಹ ಇಟ್ಟಿರುತ್ತಾರೆ.

ನನ್ನ ಮೊದಲ ರೈಫಲ್ ಟೊಳ್ಳು ಪ್ಲಾಸ್ಟಿಕ್ಕಿನದು. ಕಂಪನಿ ಹೆಸರು ಬೇಡ. ಗುರಿ ಅಭ್ಯಾಸದ ರೇಂಜಿನಲ್ಲಿ ಮರಳಿನ ಚೀಲದ ಮೇಲಿಟ್ಟು ಹೊಡೆದರೆ 100 ಮೀಟರಿಗೆ ಮೂರು ಈಡೂ ಒಂದೇ ಕಡೆ ಬೀಳುತ್ತಿದ್ದವು. ಅಷ್ಟು ಸಾಕು ಅಂದುಕೊಂಡು ಗುಡ್ಡ ಹತ್ತಿದೆ. ಅಲ್ಲಿ ಚೀಲ ಎಲ್ಲಿ ಸಿಗಬೇಕು? ಮಲಗಿಕೊಂಡು, ರೈಫಲ್ ಹೆಗಲಿಗೆ ಹಾಕುವ ಪಟ್ಟಿಯನ್ನು ತೋಳಿಗೆ ಬಿಗಿಯಾಗಿ ಸುತ್ತಿ, ಸುಮಾರು 180 ಮೀಟರಿನಿಂದ ಒಂದು ಹೆಣ್ಣು ಜಿಂಕೆಗೆ ಹೊಡೆದೆ, ಈಡು ಎದೆಗೆ ಬೀಳುವ ಬದಲು ಹೊಟ್ಟೆಗೆ ಬಿತ್ತು. ಎರಡು ಗಂಟೆ ಪೊದೆಯಲ್ಲಿ ಹುಡುಕಿ ಅದನ್ನು ಮುಗಿಸಬೇಕಾಯಿತು. ಆ ಎರಡು ಗಂಟೆ ನನಗೆ ಇವತ್ತಿಗೂ ಮರೆತಿಲ್ಲ. ಆಮೇಲೆ ರೇಂಜಿಗೆ ಹೋಗಿ ಪಟ್ಟಿ ಬಿಗಿದು ಹೊಡೆದು ನೋಡಿದರೆ 100 ಮೀಟರಿಗೇ ನಾಲ್ಕು ಬೆರಳು ಅಗಲ ಆಚೆ ಹೋಗುತ್ತಿತ್ತು. ಪಟ್ಟಿ ಎಳೆದಾಗ ಸ್ಟಾಕಿನ ಮುಂಭಾಗ ಬಾಗಿ ನಳಿಗೆಗೆ ತಾಗುತ್ತಿತ್ತು, ಅಷ್ಟೇ ಕಾರಣ.

ಅದಕ್ಕೇ ಅಂಗಡಿಯಲ್ಲಿ ಮೊದಲು ಇದನ್ನು ಮಾಡಿ. ಒಂದು ನೋಟು ತಗೊಂಡು ನಳಿಗೆಗೂ ಸ್ಟಾಕಿಗೂ ನಡುವೆ ತೂರಿಸಿ, ತುದಿಯಿಂದ ಆ್ಯಕ್ಷನ್ ಹತ್ತಿರದ ತನಕ ಎಳೆಯಿರಿ. ಎಲ್ಲೂ ಸಿಕ್ಕಿಕೊಳ್ಳಬಾರದು. ಆಮೇಲೆ ಮುಂಭಾಗವನ್ನು ನಳಿಗೆ ಸಮೇತ ಮುಷ್ಟಿಯಲ್ಲಿ ಹಿಡಿದು ಅದುಮಿ, ಪಕ್ಕಕ್ಕೂ ಒತ್ತಿ. ಸುಲಭವಾಗಿ ಹೋಗಿ ನಳಿಗೆಗೆ ತಾಗಿದರೆ ಆ ರೈಫಲ್ ವಾಪಸ್ ಕೊಟ್ಟುಬಿಡಿ. ಬೈಪಾಡ್ (ಮುಂದಿನ ಎರಡು ಕಾಲಿನ ಸ್ಟ್ಯಾಂಡ್) ಹಾಕಿ ಭಾರ ಬಿಟ್ಟಾಗಲೂ ಇದೇ ತೊಂದರೆ ಬರುತ್ತದೆ.

ಇನ್ನೊಂದು, ಟೊಳ್ಳು ಸ್ಟಾಕ್ ಸದ್ದು ಮಾಡುತ್ತದೆ. ಮುಳ್ಳು ತಾಗಿದರೆ ಡಬ್ಬ ಕೆರೆದ ಹಾಗೆ. ಕಾಡಿನಲ್ಲಿ ಜಿಂಕೆಗೆ ಅಷ್ಟು ಸಾಕು. ಕೆಲವರು ಹಿಂಭಾಗದೊಳಗೆ ಫೋಮ್ ತುಂಬಿಸುತ್ತಾರೆ, ಅದರಿಂದ ಸದ್ದು ಕಡಿಮೆಯಾಗುತ್ತದೆ.

ಮಳೆ ವಿಷಯ ಸುಮ್ನೆ ಹೇಳುವುದಲ್ಲ. ಆ ದ್ವೀಪದ ಮಿಲ್ಫೋರ್ಡ್ ಸೌಂಡಿನಲ್ಲಿ ವರ್ಷಕ್ಕೆ 6000 ಮಿಲಿಮೀಟರಿಗಿಂತ ಜಾಸ್ತಿ ಸುರಿಯುತ್ತದೆ, ನಿಮ್ಮ ಮಲೆನಾಡಿನ ಆಗುಂಬೆ ನೆನಪಾಗುತ್ತದೆ. ಆದರೆ ಅಲ್ಲಿ ಮಳೆಗಾಲ ಅಂತ ಬೇರೆ ಇಲ್ಲ, ವರ್ಷ ಪೂರ್ತಿ ಬರುತ್ತಲೇ ಇರುತ್ತದೆ. ಸ್ಟೇನ್‌ಲೆಸ್ ನಳಿಗೆ, ಸಿಂಥೆಟಿಕ್ ಸ್ಟಾಕ್ ಜೋಡಿ ಅಲ್ಲಿ ಎಲ್ಲರ ಕೈಯಲ್ಲೂ ಇರುವುದು ಅದಕ್ಕೇ. ನಾನು ಎರಡನೇ ಸಲ ತಗೊಂಡಿದ್ದು ಫಿನ್‌ಲೆಂಡಿನ ಟಿಕ್ಕಾ ಟಿ3ಎಕ್ಸ್ ಲೈಟ್ ರೈಫಲ್, 308 ಅನ್ನುವ ಅಳತೆಯ ಈಡಿನದು. ಸ್ಕೋಪ್ (ಗುರಿ ನೋಡುವ ದುರ್ಬೀನು) ಇಲ್ಲದೆ ಸುಮಾರು 3 ಕೆಜಿ. ಬೋಲ್ಟ್ ಬೆಣ್ಣೆಯಂತೆ ಜಾರುತ್ತದೆ. ಹಗುರ ಆದ್ದರಿಂದ ಭುಜಕ್ಕೆ ಒದೆತ ಜಾಸ್ತಿ, ಅದನ್ನು ಒಪ್ಪಿಕೊಳ್ಳಬೇಕು. ಜಪಾನಿನ ಹೋವಾ 1500 ಅದಕ್ಕಿಂತ ಭಾರ, ಆದರೆ ಗಟ್ಟಿ. ಹೊಸಬರಿಗೆ 308ಕ್ಕಿಂತ 7ಎಂಎಂ-08 ಅನ್ನುವ ಈಡು ಇನ್ನೂ ಮೆತ್ತಗೆ ಒದೆಯುತ್ತದೆ, ಕೆಂಪು ಜಿಂಕೆಗೆ ಧಾರಾಳ ಸಾಕು.

ಗೋವಾ, ಫೋಂಡಾದಿಂದ:

ನಾನು ಬೇಟೆಯವನಲ್ಲ, ಏರ್ ರೈಫಲ್ ಹೊಡೆಯುವವನು. ಮರದ ಪರವಾಗಿ ಒಂದು ಮಾತು ಹೇಳಲೇಬೇಕು. ಮರ ಉಬ್ಬುವುದು ಹೊರಗಿನಿಂದ ಅಲ್ಲ, ಒಳಗಿನಿಂದ. ಹೊರಗೆ ಪಾಲಿಶ್ ಮಿಂಚುತ್ತಿರುತ್ತದೆ, ನಳಿಗೆ ಕೂರುವ ಕಾಲುವೆಯಲ್ಲಿ ಮತ್ತು ಭುಜಕ್ಕೆ ತಾಗುವ ಹಿಂದಿನ ಪ್ಯಾಡಿನ ಅಡಿಯಲ್ಲಿ ಮಾತ್ರ ಪಾಲಿಶ್ ಇಲ್ಲದ ಮರ ಹಾಗೇ ಇರುತ್ತದೆ. ಇಲ್ಲಿನ ಜುಲೈ ತಿಂಗಳಲ್ಲಿ ನನ್ನ ಗುರಿ ಪ್ರತಿ ವರ್ಷ ಸರಿಯುತ್ತಿತ್ತು, ಒಳಗೆಲ್ಲ ವಾರ್ನಿಶ್ ಹಚ್ಚಿದ ಮೇಲೆ ನಿಂತಿತು. ಮರವೇ ಬೇಕು ಅನಿಸಿದರೆ ಪದರ ಅಂಟಿಸಿದ ಲ್ಯಾಮಿನೇಟ್ ಸ್ಟಾಕ್ ನೋಡಿ, ಅದು ತಿರುಚಿಕೊಳ್ಳುವುದು ಕಡಿಮೆ. ತೂಕ ಮಾತ್ರ ಜಾಸ್ತಿ.

ಮತ್ತೆ ಸ್ಟೇನ್‌ಲೆಸ್ ಅಂತ ಮರೆತು ಕೂರಬೇಡಿ. ಅದಕ್ಕೂ ತುಕ್ಕು ಹಿಡಿಯುತ್ತದೆ, ನಿಧಾನಕ್ಕೆ ಹಿಡಿಯುತ್ತದೆ ಅಷ್ಟೇ. ಸಿಂಥೆಟಿಕ್ ಸ್ಟಾಕ್ ನೀರು ಕುಡಿಯುವುದಿಲ್ಲ, ಹಾಗಾಗಿ ಒಳಗೆ ಹೋದ ನೀರು ಕಬ್ಬಿಣದ ಅಡಿಯಲ್ಲೇ ನಿಲ್ಲುತ್ತದೆ. ಒದ್ದೆಯಾದ ದಿನ ಸ್ಟಾಕ್ ಬಿಚ್ಚಿ ಒರೆಸಿ, ಎಣ್ಣೆ ಸವರಿ. ಮತ್ತೆ ಕೂರಿಸುವಾಗ ಸ್ಕ್ರೂಗಳನ್ನು ಟಾರ್ಕ್ ರೆಂಚಿನಲ್ಲಿ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿಯಿರಿ, ಅಂದಾಜಿಗೆ ಬಿಗಿದರೆ ಗುರಿ ಬದಲಾಗುತ್ತದೆ.

ಮುಂಬೈ, ಮಾಟುಂಗಾದಿಂದ:

ಜಿಂಕೆ ಕೊಲ್ಲುವ ಮಾತು ಓದಿ ಮನಸ್ಸಿಗೆ ಕಷ್ಟ ಆಯಿತು. ಅದು ಅಲ್ಲಿ ಸರಿ ಹೇಗೆ?

ಠಾಣೆಯಿಂದ:

ಕೇಳಿದ್ದು ಒಳ್ಳೆಯದಾಯಿತು ಮೇಡಂ. ಆ ದ್ವೀಪಗಳಲ್ಲಿ ನೆಲದ ಮೇಲಿನ ಮೂಲ ಸಸ್ತನಿ ಅಂದರೆ ಬಾವಲಿ ಮಾತ್ರ. ಜಿಂಕೆಗಳನ್ನು 19ನೇ ಶತಮಾನದಲ್ಲಿ ಯುರೋಪಿನವರು ತಂದು ಬಿಟ್ಟರು. ಅವು ಎಳೆ ಗಿಡ ಮೇಯ್ದು ಕಾಡನ್ನೇ ಮೇಲೇಳಲು ಬಿಡುವುದಿಲ್ಲ. ಅದಕ್ಕೇ ಸರ್ಕಾರಿ ಕಾಡಿನ ಹೆಚ್ಚಿನ ಕಡೆ ಬೇಟೆಗೆ ಪರವಾನಗಿ ಉಚಿತ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಇಲ್ಲಿ ಬೇಟೆಯ ಮಾತೇ ಇಲ್ಲ, ಇರಲೂ ಬಾರದು. ಪ್ರಶ್ನೆ ಕೇಳಿದ ಸರ್‌ಗೂ ಹೇಳುತ್ತೇನೆ, ರೈಫಲ್ಲನ್ನು ಮುಂದೆ ಪುಣೆಗೆ ತರುವ ಆಸೆ ಇಟ್ಟುಕೊಳ್ಳಬೇಡಿ. ಬರುವಾಗ ಅಲ್ಲೇ ಮಾರಿ ಬನ್ನಿ.

ಡೊಂಬಿವಲಿಯಿಂದ:

ನಮ್ಮ ಭಾವ ಅಲ್ಲೇ ಇದ್ದಾರೆ, ಅವರಿಂದ ತಿಳಿದದ್ದು ಹೇಳುತ್ತೇನೆ. ಲೈಸೆನ್ಸಿಗೆ ಸುರಕ್ಷತೆಯ ತರಬೇತಿ ಆಗಬೇಕು, ನಿಮ್ಮನ್ನು ಬಲ್ಲವರನ್ನು ವಿಚಾರಿಸುತ್ತಾರೆ, ರೈಫಲ್ ಬೀಗ ಹಾಕಿ ಇಡುವ ಜಾಗವನ್ನು ಮನೆಗೆ ಬಂದು ನೋಡುತ್ತಾರೆ. ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಗಂಡು ಜಿಂಕೆಗಳು ಕೂಗುವ ಕಾಲ, ಆಗ ಕಾಡಿನಲ್ಲಿ ಜನವೂ ಜಾಸ್ತಿ. ಮೊದಲ ವರ್ಷ ಆ ಗಡಿಬಿಡಿಯಲ್ಲಿ ರೈಫಲ್ ತಗೊಂಡು ಓಡಬೇಡಿ. ಸುಮ್ನೆ ಅವರ ಜೊತೆ ನಡೆದು ಬನ್ನಿ. ಪೊದೆ ಅಲುಗಿತು ಅಂತ ಹೊಡೆದು ಸ್ನೇಹಿತನನ್ನೇ ಕಳೆದುಕೊಂಡವರು ಅಲ್ಲಿದ್ದಾರೆ. ಎದುರಿರುವುದು ಏನು ಅಂತ ಒಂದು ಚೂರೂ ಅನುಮಾನ ಇರಬಾರದು, ಅಲ್ಲಿನ ತರಬೇತಿಯಲ್ಲೂ ಇದನ್ನೇ ಒತ್ತಿ ಹೇಳುತ್ತಾರಂತೆ.

ಪುಣೆ, ಕೋಥ್ರೂಡ್‌ನಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೋಟಿನ ಪರೀಕ್ಷೆ ಬರೆದಿಟ್ಟುಕೊಂಡೆ. ಹೋಗುವ ಮುಂಚೆ ಇಲ್ಲೇ ಕ್ಲಬ್ಬಿನಲ್ಲಿ ಏರ್ ರೈಫಲ್ ಕಲಿಯಲು ಇಬ್ಬರೂ ಸೇರುತ್ತೇವೆ. ಹೆಂಡತಿ 5 ಅಡಿ 1 ಇಂಚು. ಒಂದೇ ರೈಫಲ್ ಇಬ್ಬರಿಗೂ ಆಗುತ್ತದಾ?

ಠಾಣೆಯಿಂದ:

ಆಗುತ್ತದೆ, ಆದರೆ ಸ್ಟಾಕಿನ ಉದ್ದ ಅವರಿಗೆ ನೋಡಿ ತಗೊಳ್ಳಿ. ಸಾಮಾನ್ಯವಾಗಿ ಟ್ರಿಗರ್‌ನಿಂದ ಹಿಂದಿನ ಪ್ಯಾಡಿನವರೆಗೆ ಸುಮಾರು 13 ಮುಕ್ಕಾಲು ಇಂಚು ಇರುತ್ತದೆ, ಅದು ಸಾಧಾರಣ ಎತ್ತರದ ಗಂಡಸರ ಲೆಕ್ಕ. ಉದ್ದ ಜಾಸ್ತಿಯಾದರೆ ಕತ್ತು ಮುಂದೆ ಚಾಚಬೇಕು, ಆಗ ಸ್ಕೋಪ್ ಸರಿಯಾಗಿ ಕಾಣುವುದಿಲ್ಲ, ಒದೆತವೂ ಭುಜದ ತಪ್ಪು ಜಾಗಕ್ಕೆ ಬೀಳುತ್ತದೆ. ನನಗೂ ಮೊದಲು ಹಾಗೇ ಆಗಿತ್ತು. ಗಿಡ್ಡ ಸ್ಟಾಕಿಗೆ ಬಿಲ್ಲೆ ಸೇರಿಸಿ ನಿಮಗಾಗಿ ಉದ್ದ ಮಾಡಬಹುದು, ಉದ್ದದ್ದನ್ನು ಗಿಡ್ಡ ಮಾಡಲು ಕೊಯ್ಯಬೇಕಾಗುತ್ತದೆ. ಅಂಗಡಿಗೆ ಹೋಗುವ ದಿನ ಚಳಿಯ ದಪ್ಪ ಜಾಕೆಟ್ ಹಾಕಿಕೊಂಡೇ ಹೋಗಿ. ಕಣ್ಣು ಮುಚ್ಚಿ ರೈಫಲ್ ಭುಜಕ್ಕೆ ಏರಿಸಲು ಅವರಿಗೆ ಹೇಳಿ. ಕಣ್ಣು ಬಿಟ್ಟಾಗ ತಲೆ ಅಲುಗಿಸದೆ ಸ್ಕೋಪಿನ ಪೂರ್ತಿ ವೃತ್ತ ಕಂಡರೆ ಅದೇ ನಿಮ್ಮಿಬ್ಬರ ರೈಫಲ್.