‘ಮರ್ಕ್ಯೂರಿಯಲ್’ ಎಂಬುದು ಹೊಗಳಿಕೆಯೋ, ತೆಗಳಿಕೆಯೋ?

ಪ್ರಶ್ನೆ
ನಾನು ಅನುವಾದಿಸುತ್ತಿರುವ ಇಂಗ್ಲಿಷ್ ಲೇಖನವೊಂದರಲ್ಲಿ ವಾದ್ಯವೃಂದದ ನಿರ್ದೇಶಕರೊಬ್ಬರ ಸ್ವಭಾವವನ್ನು ‘ಮರ್ಕ್ಯೂರಿಯಲ್’ ಎಂದು ವರ್ಣಿಸಲಾಗಿದೆ. ನಿಘಂಟಿನಲ್ಲಿ ‘ಚಂಚಲ’, ‘ಚುರುಕಾದ’ ಎಂಬ ಎರಡೂ ಅರ್ಥಗಳಿವೆ. ‘ಪಾದರಸದಂತಹ ಸ್ವಭಾವ’ ಎಂದು ಬರೆದರೆ ಸರಿಯಾದೀತೇ? ‘ಮೂಡಿ’ ಎಂಬ ಪದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1
ಈ ಗುಣವಾಚಕದ ಮೂಲ ರೋಮನ್ನರ ದೇವದೂತನಾದ ಮರ್ಕ್ಯುರಿಯ ಹೆಸರು. 88 ದಿನಗಳಲ್ಲಿ ಸೂರ್ಯನನ್ನು ಸುತ್ತುವ, ಗ್ರಹಗಳಲ್ಲೆಲ್ಲ ಅತಿ ವೇಗದ ಬುಧನಿಗೂ, ಸಾಧಾರಣ ಉಷ್ಣತೆಯಲ್ಲಿಯೂ ದ್ರವವಾಗಿಯೇ ಉಳಿದು ಮುಟ್ಟಿದರೆ ಹನಿಹನಿಯಾಗಿ ಓಡುವ ಪಾದರಸಕ್ಕೂ ಇಂಗ್ಲಿಷಿನಲ್ಲಿ ಅವನದೇ ಹೆಸರು. ಬುಧನ ಪ್ರಭಾವದಲ್ಲಿ ಹುಟ್ಟಿದವರು ಜಾಣರು, ಮಾತುಗಾರರು, ನಿಲುವು ಬದಲಿಸುವವರು ಎಂದು ಯುರೋಪಿನ ಹಳೆಯ ಜ್ಯೋತಿಷ್ಯ ನಂಬಿತ್ತು. ನಿಮ್ಮ ನಿಘಂಟಿನ ಎರಡು ಅರ್ಥಗಳೂ ಅಲ್ಲಿಂದಲೇ ಬಂದಿವೆ. (ಗುರುಗ್ರಹದಿಂದ ‘ಉಲ್ಲಾಸದ ಸ್ವಭಾವದ’ ಎಂಬರ್ಥದ ‘ಜೋವಿಯಲ್’, ಶನಿಯಿಂದ ‘ಮಂಕು ಸ್ವಭಾವದ’ ಎಂಬರ್ಥದ ‘ಸ್ಯಾಟರ್ನೈನ್’ ಹುಟ್ಟಿದ್ದೂ ಹೀಗೆಯೇ.)

ಈಗಿನ ಬಳಕೆಯಲ್ಲಿ ಮುಂದಿರುವುದು ಮನಃಸ್ಥಿತಿಯ ಏರಿಳಿತದ ಅರ್ಥ. ಈಗ ನಗುತ್ತಿದ್ದವರು ಕಾರಣ ತಿಳಿಯುವ ಮೊದಲೇ ಸಿಡುಕಿ, ಮರುಗಳಿಗೆಯಲ್ಲಿ ಮತ್ತೆ ಉತ್ಸಾಹದಿಂದ ಮಾತಿಗಿಳಿದರೆ ಅವರಿಗೆ ಈ ಪದ ಒಪ್ಪುತ್ತದೆ. ಇದರಲ್ಲಿ ದೂರು ಇದ್ದರೂ ತಿರಸ್ಕಾರ ಕಡಿಮೆ: ಪ್ರತಿಭಾವಂತ ಕಲಾವಿದರು, ಆಟಗಾರರು, ನಾಯಕರ ಬಗ್ಗೆ ಹೆಚ್ಚಾಗಿ ಬಳಸುತ್ತಾರೆಯೇ ಹೊರತು ಬರಿಯ ಮುಂಗೋಪಿಗಳ ಬಗ್ಗೆ ಅಲ್ಲ.

‘ಪಾದರಸದಂತಹ’ ಎಂಬುದನ್ನು ಮಾತ್ರ ಬಳಸಬೇಡಿ. ಕನ್ನಡದಲ್ಲಿ ಪಾದರಸದಂತೆ ಓಡಾಡುವವರೆಂದರೆ ದಣಿವರಿಯದ ಚಟುವಟಿಕೆಯವರು. ಓದುಗರಿಗೆ ಅಲ್ಲಿ ಶುದ್ಧ ಮೆಚ್ಚುಗೆಯಷ್ಟೇ ಕೇಳಿಸಿ, ಮೂಲ ಲೇಖಕರು ಹೇಳಹೊರಟ ಏರಿಳಿತವೇ ಮಾಯವಾಗುತ್ತದೆ.

ಉತ್ತರ 2
ಮೇಲಿನವರ ಮಾತನ್ನು ಒಪ್ಪುತ್ತೇನೆ. ‘ಮೂಡಿ’ ಎಂಬುದು ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ಮಂಕು, ಮುನಿಸು, ಮೌನದ ಕಡೆಗೇ ವಾಲುತ್ತದೆ. ‘ಮರ್ಕ್ಯೂರಿಯಲ್’ ವ್ಯಕ್ತಿಯ ಮನಸ್ಸು ಸಂತೋಷದ ಕಡೆಗೂ ಅಷ್ಟೇ ಬೇಗ ಜಿಗಿಯಬಲ್ಲದು. ‘ಕ್ಯಾಪ್ರಿಶಸ್’ ಎಂದರೆ ಮನಬಂದಂತೆ ನಿರ್ಧಾರ ಬದಲಿಸುವವರು, ‘ವಾಲಟೈಲ್’ ಎಂದರೆ ಯಾವಾಗ ಸ್ಫೋಟಗೊಳ್ಳುವರೋ ಎಂಬ ಭಯ ಹುಟ್ಟಿಸುವವರು. ನಮ್ಮ ‘ಕ್ಷಣ ಚಿತ್ತ ಕ್ಷಣ ಪಿತ್ತ’ ಎಂಬ ಮಾತು ಅರ್ಥದಲ್ಲಿ ಹತ್ತಿರವಿದ್ದರೂ ಅದರಲ್ಲಿ ನಿಂದೆಯೇ ಹೆಚ್ಚು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಅಭ್ಯಾಸದ ವೇಳೆ ಅವರು ಮೆಚ್ಚುವರೋ ಗದರುವರೋ ವಾದಕರಿಗೆ ತಿಳಿಯುತ್ತಿರಲಿಲ್ಲ, ಆದರೂ ಯಾರೂ ಅವರನ್ನು ಬಿಟ್ಟುಹೋಗಲಿಲ್ಲ ಎಂದು ಮುಂದಿನ ವಾಕ್ಯದಲ್ಲಿದೆ.

ಉತ್ತರ 1
ಹಾಗಿದ್ದರೆ ಒಂದೇ ಪದಕ್ಕಾಗಿ ಹುಡುಕುವ ಅಗತ್ಯವಿಲ್ಲ. ‘ಗಳಿಗೆಗೊಂದು ಬಗೆಯಾಗುವ ಮನೋಧರ್ಮದವರು’ ಎಂದು ಬರೆಯಿರಿ; ಮೆಚ್ಚುಗೆಯ ಭಾಗವನ್ನು ಆ ಮುಂದಿನ ವಾಕ್ಯ ನೋಡಿಕೊಳ್ಳುತ್ತದೆ. ‘ಚಂಚಲ’ ಎಂದರೆ ಅವರ ಸಂಕಲ್ಪವೇ ದೃಢವಲ್ಲವೆಂಬ ಅರ್ಥ ಬಂದೀತು.